ತೋಟದೊಳಗಿನ ಕ್ಯಾಮೆರಾ

ಮೂಡಿಗೆರೆಯ ತಮ್ಮ ತೋಟದಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಯೊಂದರ ಚಿತ್ರಕ್ಕಾಗಿ ಗಂಟೆಗಟ್ಟಲೆ ಕಾದಿರುತ್ತಿದ್ದರು. ಹೆಗ್ಗೋಡಿನ ಅಡಕೆ ತೋಟಿಗನಿಗೆ ಅಂತಹ ವ್ಯವಧಾನವೆಲ್ಲಿ? ಆದರೂ ಇಂದು ಅವನ ಜೇಬಿನಲ್ಲಿಯೂ ಮೊಬೈಲಿನೊಡನೆ ಕ್ಯಾಮೆರಾ ಉಂಟು. ಬೆಳಗ್ಗೆ ನೀರು ನೋಡಲು ಹೊರಟವನು ಅರೆಗಳಿಗೆ ನಿಂತು, ಬೇಲಿಯ ಜೇಡರಬಲೆ ಪೋಣಿಸಿಕೊಂಡ ಇಬ್ಬನಿಯನ್ನೋ, ಹಾಳೆ ಕಳಚಿದೊಡನೆ ಹೊರಚಾಚಿದ ಸಿಂಗಾರವನ್ನೋ ಸೆರೆಹಿಡಿಯುತ್ತಾನೆ. ನಿತ್ಯವೂ ಕಂಡದ್ದೇ ಚಿತ್ರದಲ್ಲಿ ಅಪೂರ್ವವಾಗಿ ತೋರುವುದು ವಿಸ್ಮಯವೇ ಸರಿ.

ಒಮ್ಮೊಮ್ಮೆ ಆ ಚೆಲುವು ಎದೆ ನಡುಗಿಸುವುದೂ ಉಂಟು. ಎಳೆಯ ಅಡಕೆಗಿಡದ ಹಸುರು ಗರಿಯ ಮೇಲೆ, ಹಳದಿ ಪರಿವೇಷ ತೊಟ್ಟ ಕಂದು ಚುಕ್ಕಿಗಳು! ಹಿರಿದಾಗಿಸಿ ನೋಡಿದರೆ ನುರಿತ ಅಕ್ಕಸಾಲಿಗನ ಕುಸುರಿಯಂತಿವೆ. ಅದು ಎಲೆಚುಕ್ಕಿ ರೋಗ. 2022ರಲ್ಲಿ ಹೊಸನಗರ, ತೀರ್ಥಹಳ್ಳಿಗಳ ತೋಟಿಗರನ್ನು ಕಂಗೆಡಿಸಿದ ಶಿಲೀಂಧ್ರದ ಕೆಲಸ. ತೋಟಿಗನು ಮರಗಳ ತಲೆಯತ್ತ ದಿಟ್ಟಿಸುತ್ತಾನೆ. ಅಲ್ಲಿಯ ಸೋಗೆಗಳು ಬರಿಗಣ್ಣಿಗೆ ನಿಲುಕವು; ಮೊಬೈಲನ್ನು ಮತ್ತೆ ಮೇಲೆತ್ತುತ್ತಾನೆ.