ಅಟ್ಟದ ಕಾಯಿಯ ಸದ್ದು

ಆಗ ನಾನು ತಿಪಟೂರು ಸೀಮೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. 2016ರ ಮಳೆಗಾಲ. ಬಿಸಿಯೂಟ ಮುಗಿಸಿ ಒಂಬತ್ತನೇ ತರಗತಿಗೆ ಹೋದರೆ ಕರೆಂಟಿಲ್ಲ, ಬೋರ್ಡು ಕಾಣುವುದಿಲ್ಲ. ಕೈಯಲ್ಲಿ ಹಿಂದಿನ ರಾತ್ರಿ ತಿದ್ದಿದ ಪ್ರಬಂಧಗಳ ಕಟ್ಟು. ‘ನಾನು ಕಂಡ ಪ್ರವಾಸ’ ಅಂತ ಎಲ್ಲರೂ ಗೈಡಿನ ಜೋಗದ ಪ್ರವಾಸವನ್ನೇ ಬಾಯಿಪಾಠ ಮಾಡಿ ಬರೆದಿದ್ದರು. ಜೋಗ ನೋಡಿದ್ದವರು ಇಬ್ಬರೇ. ಮಕ್ಕಳನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ. ಗಾದೆ ವಿಸ್ತರಣೆಗೆ, ಪತ್ರಕ್ಕೆ, ಪ್ರಬಂಧಕ್ಕೆ ಅಂತ ಅಚ್ಚು ಹಾಕಿಕೊಟ್ಟವರು ನಾವೇ.

ಕಟ್ಟನ್ನು ಮೇಜಿನ ಮೇಲಿಟ್ಟು, “ನಿಮ್ಮನೇಲಿ ಕೇಳೋ ಒಂದು ಸದ್ದಿನ ಬಗ್ಗೆ ಹೇಳಿ. ಮನೇಲಿ ಮಾತಾಡೋ ಹಾಗೇ ಹೇಳಿ, ನಾನು ತಿದ್ದಲ್ಲ” ಅಂದೆ.

ಬಹಳ ಹೊತ್ತು ಯಾರೂ ಏಳಲಿಲ್ಲ. ಆಮೇಲೆ ಕೊನೇ ಬೆಂಚಿನಿಂದ, ಹಾಜರಿ ಕೂಗಿದಾಗ ಬಿಟ್ಟರೆ ದನಿಯೇ ತೆಗೆಯದ ಹುಡುಗನೊಬ್ಬ ಎದ್ದ.

“ಅಟ್ಟದ ಮೇಲೆ ಕಾಯಿ ಹಾಕಿರ್ತೀವಿ ಸಾ. ಹತ್ತು ತಿಂಗಳಾದ್ರೂ ಮುಟ್ಟಲ್ಲ. ಒಳಗೆ ನೀರಿದ್ರೆ ಗುಳುಗುಳು ಅಂತದೆ. ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ರೆ ಬೇರೆ ಸದ್ದು. ನಮ್ ತಾತ ಅಲ್ಲಾಡಿಸಿ ನೋಡಿ ಆರಿಸೋರು. ಈಗ ಅವರಿಗೆ ಕಿವಿ ಕೇಳಲ್ಲ. ಅವರು ಅಲ್ಲಾಡಿಸ್ತಾರೆ, ನಾನು ಕೇಳಿ ಹೇಳ್ತೀನಿ.”

ಮಳೆಯ ಸದ್ದು ಬಿಟ್ಟರೆ ತರಗತಿಯಲ್ಲಿ ಉಸಿರಿಲ್ಲ. ನನಗೆ ಗಂಟಲು ಕಟ್ಟಿತು.

“ಇದನ್ನೇ ಬರಿಯಪ್ಪಾ” ಅಂದೆ. ಬರೆದು ತಂದ. ಮೊದಲ ಸಾಲು: ‘ಕಲ್ಪವೃಕ್ಷವೆಂದು ಕರೆಯಲ್ಪಡುವ ತೆಂಗು ಮಾನವನಿಗೆ ಬಹುಪಯೋಗಿ.’ ತಾತ ಇಲ್ಲ, ಅಟ್ಟವೂ ಇಲ್ಲ. ಪೆನ್ನು ಹಿಡಿದ ಕೂಡಲೇ ಗೈಡು ಬಂದು ಕೂತಿತ್ತು. ಆ ಸಾಲಿಗೆ ನಾನು ಕೆಂಪು ಗೆರೆ ಎಳೆಯಲಿಲ್ಲ. ಅವನ ಪಕ್ಕದ ಹುಡುಗಿಯನ್ನು ಕರೆದು, “ಇವನು ಇನ್ನೊಂದ್ಸಲ ಹೇಳ್ತಾನೆ, ಬಾಯಿಂದ ಬಂದಂಗೇ ಬರ್ಕೋ” ಅಂದೆ. ಅವಳು ಬರೆದಳು, ಓದಿದಳು. ‘ಕೊಬ್ಬರಿ ಆದ ಮೇಲೆ ಗಡಗಡ ಅನ್ನುತ್ತದೆ’ ಅಂತ ಓದಿದ್ದೇ ತಡ, ಹುಡುಗ ತಡೆದ.

“ಗಡಗಡ ಅಲ್ಲ ಕಣೇ. ಅದು ಗುಡುಗಿದಂಗೆ ಆಯ್ತದೆ.”

“ಮತ್ತೆ ಹೆಂಗೆ?”

ಅವನಿಗೆ ಪದ ಸಿಗಲಿಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು. ಇಷ್ಟು ವರ್ಷ ಪಾಠ ಮಾಡಿದ್ದೇನೆ, ತನ್ನ ವಾಕ್ಯಕ್ಕೆ ತಾನೇ ಒಂದು ಪದ ಬೇಕೆಂದು ಚಡಪಡಿಸಿದ ವಿದ್ಯಾರ್ಥಿಯನ್ನು ನಾನು ಕಂಡದ್ದು ಅವತ್ತೇ ಮೊದಲು.

ಮರುದಿನ ಅವನ ಬ್ಯಾಗು ಉಬ್ಬಿತ್ತು. ಒಳಗಿನಿಂದ ಒಣಗಿದ ಕಾಯಿಯೊಂದನ್ನು ತೆಗೆದು ಪಕ್ಕದವರ ಕೈಗೆ ಕೊಟ್ಟ. ಕಾಯಿ ಬೆಂಚಿನಿಂದ ಬೆಂಚಿಗೆ ಹೋಯಿತು; ಒಬ್ಬೊಬ್ಬರೂ ಕಿವಿಗೆ ಹಿಡಿದು ಅಲ್ಲಾಡಿಸಿದರು. ಕಟಕಟ, ಲೊಟಲೊಟ, ಗೊಡಗೊಡ. ಹೇಳಿದ್ದನ್ನೆಲ್ಲ ಬೋರ್ಡಿನ ಮೇಲೆ ಬರೆದೆ. ಹುಡುಗ ಬಂದು ಒಂದೊಂದನ್ನೇ ಅಳಿಸಿದ. ಕೊನೆಗೆ ಸೀಮೆಸುಣ್ಣ ತಗೊಂಡು, ಇನ್ನೊಮ್ಮೆ ಕಾಯಿಯನ್ನು ಕಿವಿಗಿಟ್ಟುಕೊಂಡು ಕೇಳಿ, ‘ಲೊಡಕ್’ ಅಂತ ಬರೆದ.