ಚಳಿಯೂ ಬ್ಯಾಟರಿಯೂ

ಹೊಯ್ಸಳ ದೇಗುಲದಿಂದ ಹೆಸರಾದ ಅಮೃತಾಪುರದಲ್ಲಿ ಪುಷ್ಯಮಾಸದ ಮುಂಜಾವಿಗೆ ಸೀಸೆಯೊಳಗಿನ ತೆಂಗಿನೆಣ್ಣೆಯು ಹೆಪ್ಪುಗಟ್ಟುವುದನ್ನು ಕಾಣದ ಮನೆಯಿಲ್ಲ. ಎಣ್ಣೆಯು ಎಲ್ಲಿಗೂ ಹೋಗಿರುವುದಿಲ್ಲ. ಬಗ್ಗಿಸಿದರೆ ಬೀಳದು, ಅಷ್ಟೆ. ಅದೇ ಹೊತ್ತಿನಲ್ಲಿ ತೋಟಕ್ಕೆ ಹೊರಟವನ ಹಳೆಯ ಟಾರ್ಚು ಮಂಕಾಗುವುದೂ, ಟ್ರಾಕ್ಟರು ಎರಡು ಸಲ ನರಳಿ ಸುಮ್ಮನಾಗುವುದೂ ಬಹುಮಟ್ಟಿಗೆ ಇದೇ ಜಾತಿಯ ಸಂಗತಿ. ಬ್ಯಾಟರಿಯ ವಿದ್ಯುತ್ತು ರಾಸಾಯನಿಕ ಕ್ರಿಯೆಯಿಂದ ಹುಟ್ಟತಕ್ಕದ್ದು. ಶೀತದಲ್ಲಿ ಆ ಕ್ರಿಯೆಯು ನಿಧಾನವಾಗಿ, ಒಳಗಿನ ತಡೆಯು ಹೆಚ್ಚುತ್ತದೆ. ಬಿಸಿಲು ತಾಗಿದ ಬಳಿಕ ಕಸುವು ಬಹುಪಾಲು ಮರಳುವುದು. ಈ ಸೀಮೆಯ ಚಳಿಯು ಹೊಸ ಬ್ಯಾಟರಿಯನ್ನು ಕೆಡಿಸುವಷ್ಟು ಕಟುವಲ್ಲ. ಹಳೆಯದರ ಬಡತನವನ್ನು ಬಯಲಿಗಿಡುತ್ತದೆ. ಅದಕ್ಕಾಗಿ ಚಳಿಯನ್ನು ಬೈಯುವುದು ನ್ಯಾಯವಲ್ಲ.

ಚಳಿಯು ಮಿತಿಮೀರಿದಲ್ಲಿ ಮಾತು ಬೇರೆ. ಸಾಮಾನ್ಯ ಲಿಥಿಯಂ ಬ್ಯಾಟರಿಗೆ ಸೊನ್ನೆ ಡಿಗ್ರಿಗಿಂತ ಕೆಳಗೆ ವಿದ್ಯುತ್ತು ತುಂಬಿದರೆ ಒಳಗೆ ಲೋಹವು ಪದರಗಟ್ಟಿ, ಯಾವ ಬಿಸಿಲೂ ತಿದ್ದಲಾರದ ಕೇಡಾಗಬಹುದು.

ಬೆಂಗಳೂರಿನಲ್ಲಿ ಕೇಂದ್ರಕಚೇರಿಯುಳ್ಳ ಇಸ್ರೋ, ಚಂದ್ರನ ಮೇಲಿಳಿಸಿದ 'ಪ್ರಜ್ಞಾನ್' ಬಂಡಿಯನ್ನು 2023ರ ಸೆಪ್ಟೆಂಬರ್ 2ರಂದು ಬ್ಯಾಟರಿ ತುಂಬಿಸಿಯೇ ಮಲಗಿಸಿತು. ಅದನ್ನು ರಚಿಸಿದ್ದು ಅಲ್ಲಿಯ ಒಂದು ಹಗಲಿಗೆ ಮಾತ್ರ. ಅಂದರೆ ಭೂಮಿಯ ಸುಮಾರು 14 ದಿನಗಳಿಗೆ. ಮುಂದಿನದು ಸೊನ್ನೆಗಿಂತ ನೂರು ಡಿಗ್ರಿಗೂ ಕೆಳಗಿಳಿಯುವ ರಾತ್ರಿ. ಆದರೂ ಅದರ ಸೌರಫಲಕವನ್ನು ಸೆಪ್ಟೆಂಬರ್ 22ರ ಸೂರ್ಯೋದಯದತ್ತ ತಿರುಗಿಸಿಟ್ಟಿದ್ದರು. ಬೆಳಗಾದ ಮೇಲೆ ಕರೆದರು, ಓಗೊಡಲಿಲ್ಲ. ಯಾವ ಅಂಗವು ಮೊದಲು ಸೋತಿತೆಂದು ಅಲ್ಲಿಗೆ ಹೋಗಿ ನೋಡಿದವರಿಲ್ಲ.