ಹಳೆಯ ಬಂಡಿಯ ಬಾಗಿಲುಗಳು

ಲ್ಯಾಂಡ್ ರೋವರ್ ಬಂಡಿಗೆ ತುಕ್ಕು ಹಿಡಿಯದೆಂದು ನಂಬಿರುವವರು ಬಹುಮಂದಿ. ಅದು ಅರ್ಧಸತ್ಯ. 1948ರಲ್ಲಿ ಇಂಗ್ಲೆಂಡಿನಲ್ಲಿ ಈ ಬಂಡಿ ಹೊರಬಂದಾಗ, ಯುದ್ಧಾನಂತರದ ಉಕ್ಕಿನ ಅಭಾವದಿಂದ ಮೈಗೆ ಅಲ್ಯೂಮಿನಿಯಂ ಮಿಶ್ರಲೋಹದ ತಗಡನ್ನು ಹೊದಿಸಿದರು; ಬಾಗಿಲುಗಳ ಒಳಚೌಕಟ್ಟು ಮಾತ್ರ ಉಕ್ಕಿನದೇ. ಈ ಎರಡು ಲೋಹಗಳು ಕೂಡುವೆಡೆಯಲ್ಲಿ ನೀರು ನಿಂತರೆ ತಗಡು ಬಿಳಿಯ ಹಿಟ್ಟಾಗಿ ಉದುರುತ್ತದೆ, ಚೌಕಟ್ಟು ತುಕ್ಕು ಹಿಡಿದು ಸವೆಯುತ್ತದೆ. ಇನ್ನು ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಹೇಳುವುದೇನು!

ಕಾಫಿ ತೋಟದ ಓಡಾಟಕ್ಕೆಂದು ನಮ್ಮ ತೀರ್ಥರೂಪರು ಇಟ್ಟುಕೊಂಡಿದ್ದ ಬಂಡಿಗೂ ಇದೇ ಗತಿಯಾಗಿದ್ದಿತು. ಹೊಸ ಬಾಗಿಲುಗಳನ್ನು ತರಿಸಬಹುದಾಗಿದ್ದಿತು. ಆದರೆ ಬಲಬಾಗಿಲಿನ ಮೇಲಂಚಿನಲ್ಲಿ ಅವರ ಮೊಣಕೈ ತಗುಲಿ ತಗುಲಿ ಬಣ್ಣ ಸವೆದು ಲೋಹ ಹೊಳೆಯುತ್ತಿದ್ದಿತು. ಅವರು ತೀರಿಕೊಂಡು ಆರು ವರ್ಷಗಳಾದರೂ ಆ ಬಾಗಿಲನ್ನು ಗುಜರಿಗೆ ಕೊಡಲು ತಾಯಿಯವರು ಸಮ್ಮತಿಸಲಿಲ್ಲ.

ಆದುದರಿಂದ ಈ ಬೇಸಗೆಯಲ್ಲಿ ಮನೆಯ ಕೊಟ್ಟಿಗೆಯಲ್ಲಿಯೇ ಕೆಲಸ ಹೂಡಿದೆವು. ಮಡಿಸಿದ ತಗಡಿನ ಅಂಚನ್ನು ಬಿಡಿಸುವುದೇ ಕಷ್ಟ, ಅವಸರಪಟ್ಟರೆ ಸೀಳಿಹೋಗುತ್ತದೆ. ಒಂದೊಂದು ಬಾಗಿಲಿಗೆ ಎರಡೆರಡು ದಿನ ಹಿಡಿಯಿತು. ಬಳಿಕ ತುಕ್ಕು ತಿಂದ ತಳಪಟ್ಟಿಯನ್ನು ಕತ್ತರಿಸಿ, ಹೊಸದನ್ನು ಬೆಸೆದು, ಸತು ಬೆರೆಸಿದ ಬಣ್ಣ ಬಳಿದು, ಲೋಹಗಳು ಒಂದನ್ನೊಂದು ಮುಟ್ಟದಂತೆ ನಡುವೆ ಅಂಟುಪಟ್ಟಿಯನ್ನಿರಿಸಿದೆವು. ತಳದಲ್ಲಿ ನೀರಿಳಿಯುವ ತೂತುಗಳನ್ನು ಅಂದಕ್ಕಾಗಿ ಮುಚ್ಚಿಬಿಡುವವರುಂಟು. ಅದಕ್ಕಿಂತ ಅವಿವೇಕ ಬೇರಿಲ್ಲ. ನಾವು ತೆರೆದೇ ಇಟ್ಟೆವು.

ಮೊದಲ ಮಳೆ ಬಿದ್ದ ದಿನ ತಾಯಿಯವರು ಛತ್ರಿ ಹಿಡಿದು ಹೊರಬಂದು, ಬಾಗಿಲ ಅಡಿಯಿಂದ ನೀರು ತೊಟ್ಟಿಕ್ಕುವುದನ್ನು ಬಹಳ ಹೊತ್ತು ನೋಡುತ್ತ ನಿಂತರು.